ಅಂಗೈ ಕಂಪ್ಯೂಟರಿಗೆ ಭಾಷೆ ಕೊಟ್ಟವರು: ಪಾಮ್ ಪೈಲಟ್‌ನಿಂದ ಸಿಂಪ್ಯೂಟರ್‌ವರೆಗೆ



ಈ ಪುಟವನ್ನು ನಿಮ್ಮಲ್ಲಿ ಬಹುಪಾಲು ಮಂದಿ ಮೊಬೈಲಿನಲ್ಲೇ ಓದುತ್ತಿದ್ದೀರಿ. ಹಬ್ಬದ ಶುಭಾಶಯವನ್ನೂ ಈಗ ಮೊಬೈಲಿನಲ್ಲೇ ಕನ್ನಡದಲ್ಲಿ ಕಳಿಸುತ್ತೇವೆ. ಅಂಗೈ ಅಗಲದ ಯಂತ್ರಕ್ಕೆ ನಮ್ಮಂಥವರ ಭಾಷೆಗಳು ತಾವಾಗಿಯೇ ಬರಲಿಲ್ಲ. ದೊಡ್ಡ ಕಂಪನಿಗಳು ಮನಸ್ಸು ಮಾಡುವ ಮೊದಲೇ ಕೆಲವರು ಒಬ್ಬೊಬ್ಬರಾಗಿ ಅಥವಾ ಸಣ್ಣ ಗುಂಪುಗಳಲ್ಲಿ ಕುಳಿತು ತಂತ್ರಾಂಶ ಬರೆದು ದಾರಿ ಮಾಡಿಕೊಟ್ಟರು. ಅವರ ವಿವರವನ್ನು ಸದಸ್ಯರ ಮಾಹಿತಿಗಾಗಿ ಇಲ್ಲಿ ಕೊಡಲಾಗಿದೆ.

1. ಆರಂಭದ ಅಂಗೈ ಕಂಪ್ಯೂಟರುಗಳು

ಇಂಗ್ಲೆಂಡಿನ ಸಯಾನ್ ಕಂಪನಿ 1984ರಲ್ಲಿ 'ಆರ್ಗನೈಸರ್' ಎಂಬ ಕೈಯಲ್ಲಿ ಹಿಡಿಯುವ ಯಂತ್ರವನ್ನು ತಂದಿತು. 1991ರಲ್ಲಿ ಬಂದ ಅದರ 'ಸೀರೀಸ್ 3' ಮಾದರಿಯಲ್ಲಿ ಓಪಿಎಲ್ ಎಂಬ ಸರಳ ಪ್ರೋಗ್ರಾಂ ಭಾಷೆ ಒಳಗೇ ಇತ್ತು. ಬೇರೆ ಕಂಪ್ಯೂಟರ್ ಇಲ್ಲದೆ ಆ ಯಂತ್ರದ ಮೇಲೆಯೇ ತಂತ್ರಾಂಶ ಬರೆಯಬಹುದಿತ್ತು. 1993ರಲ್ಲಿ ಆಪಲ್ ಕಂಪನಿಯ ನ್ಯೂಟನ್, 1996ರಲ್ಲಿ ಪಾಮ್ ಕಂಪನಿಯ ಪೈಲಟ್ ಬಂದವು.

ಪೈಲಟ್‌ನ ಮೊದಲ ಮಾದರಿಯಲ್ಲಿದ್ದ ಸ್ಮರಣೆ 128 ಕಿಲೋಬೈಟ್ ಮಾತ್ರ. ಇಂದು ವಾಟ್ಸಾಪಿನಲ್ಲಿ ಬರುವ ಒಂದು ಫೋಟೊ ಕೂಡ ಅದರಲ್ಲಿ ಹಿಡಿಸುವುದು ಕಷ್ಟ. ಪರದೆಯಲ್ಲಿದ್ದದ್ದು ಉದ್ದಕ್ಕೆ 160, ಅಗಲಕ್ಕೆ 160 ಚುಕ್ಕೆಗಳು. ಇಷ್ಟರಲ್ಲೇ ವಿಳಾಸ, ದಿನಚರಿ, ಲೆಕ್ಕ ಎಲ್ಲ ನಡೆಯಬೇಕಿತ್ತು.

2. ಸ್ವಂತವಾಗಿ ತಂತ್ರಾಂಶ ಬರೆದವರು

ಪಾಮ್ ಯಂತ್ರಕ್ಕೆ ತಂತ್ರಾಂಶ ಬರೆಯಲು ಕಂಪನಿಯ ನೌಕರರೇ ಆಗಿರಬೇಕಿರಲಿಲ್ಲ. ಬೇಕಾದ ಸಲಕರಣೆಗಳು ಹೊರಗಿನವರಿಗೂ ಸಿಗುತ್ತಿದ್ದವು. ಸಾವಿರಾರು ಮಂದಿ ಮನೆಯಲ್ಲೇ ಬರೆದರು. 'ಮೊದಲು ಬಳಸಿ ನೋಡಿ, ಹಿಡಿಸಿದರೆ ಹಣ ಕಳಿಸಿ' ಎಂಬ ಪದ್ಧತಿಯಲ್ಲಿ ಹಂಚಿದವರು ಅವರಲ್ಲಿ ಬಹಳ. ಪಾಮ್‌ನ ಪ್ರಸಿದ್ಧ ದಿನಚರಿ ತಂತ್ರಾಂಶ 'ಡೇಟ್‌ಬಿಕೆ'ಯನ್ನು ಬರೆದ ಸ್ಟುವರ್ಟ್ ಡ್ಯೂಯರ್ ಅದರ ಆದಾಯವನ್ನು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಗೊರಿಲ್ಲಾಗಳನ್ನು ಸಾಕುವ ಆಶ್ರಯಧಾಮಕ್ಕೆ ಕೊಟ್ಟರು.

ನಮಗೆ ಹೆಚ್ಚು ಸಂಬಂಧಪಟ್ಟ ಉದಾಹರಣೆ ಜಪಾನಿನದು. ಇಂಗ್ಲಿಷ್ ಮಾತ್ರ ಬರುತ್ತಿದ್ದ ಪೈಲಟ್‌ನಲ್ಲಿ ಜಪಾನಿ ಅಕ್ಷರ ಮೂಡುವಂತೆ ಮಾಡಿದವರು ಯಮಾದಾ ತಾತ್ಸುಶಿ. ಅವರ ತಂತ್ರಾಂಶದ ಹೆಸರು 'ಜೆ-ಓಎಸ್'. ಜಪಾನಿನ ಜನ ಆ ಯಂತ್ರವನ್ನು ತಮ್ಮ ಭಾಷೆಯಲ್ಲಿ ಬಳಸಲು ತೊಡಗಿದ್ದು ಹೀಗೆ ಒಬ್ಬ ವ್ಯಕ್ತಿಯ ದುಡಿಮೆಯಿಂದ.

ತಮಿಳಿನಲ್ಲೂ ಇಂಥ ಒಬ್ಬರಿದ್ದಾರೆ. ಮಲೇಷ್ಯಾದ ಮುತ್ತು ನೆಡುಮಾರನ್ ಕಂಪ್ಯೂಟರಿಗೆ 'ಮುರಸು ಅಂಜಲ್' ಮಾಡಿದವರು. ಮೊಬೈಲಿನಲ್ಲಿ ತಮಿಳು ಸಂದೇಶ ಕಳಿಸುವ ಅವರ 'ಸೆಲ್ಲಿನಂ' 2005ರ ಪೊಂಗಲ್ ದಿನ ಸಿಂಗಾಪುರದಲ್ಲಿ ಬಿಡುಗಡೆಯಾಯಿತು. ನಮ್ಮಲ್ಲಿ ಹಲವರಿಗೆ ಗೊತ್ತಿರದ ಇನ್ನೊಂದು ಸಂಗತಿ ಇದೆ. ಆಪಲ್ ಯಂತ್ರಗಳಲ್ಲಿರುವ 'ಕನ್ನಡ ಎಂಎನ್', 'ಕನ್ನಡ ಸಂಗಂ ಎಂಎನ್' ಎಂಬ ಅಕ್ಷರಗಳನ್ನು ರೂಪಿಸಿದವರೂ ಇವರೇ. ಈ ಕನ್ನಡ ಅಕ್ಷರಗಳ ಹಿಂದೆ ಒಬ್ಬ ತಮಿಳರ ಕೈ ಇದೆ ಎಂಬುದು ತಮಿಳು ನಾಡಿನಲ್ಲಿ ಬದುಕುವ ಕನ್ನಡಿಗರಾದ ನಮಗೆ ಸಂತೋಷದ ವಿಷಯ.

3. ಬೆಂಗಳೂರಿನ ಸಿಂಪ್ಯೂಟರ್

ಕನ್ನಡದ ಮಟ್ಟಿಗೆ ಈ ಕೆಲಸ ದೊಡ್ಡದಾಗಿ ನಡೆದದ್ದು ಧರ್ಮಪುರಿಯಿಂದ ಬಸ್ಸಿನಲ್ಲಿ ಮೂರು ಗಂಟೆಯ ದಾರಿಯಲ್ಲಿರುವ ಬೆಂಗಳೂರಿನಲ್ಲಿ. 1998ರಲ್ಲಿ ಅಲ್ಲಿ ನಡೆದ ಒಂದು ಅಂತರರಾಷ್ಟ್ರೀಯ ವಿಚಾರಗೋಷ್ಠಿಯಲ್ಲಿ, ಓದು ಬರಹ ಬಾರದ ಹಳ್ಳಿಯವರಿಗೂ ಒದಗುವ ಅಗ್ಗದ ಕಂಪ್ಯೂಟರ್ ಬೇಕು ಎಂಬ ಚರ್ಚೆ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ನಾಲ್ವರು ಅಧ್ಯಾಪಕರೂ ವಿನಯ್ ದೇಶಪಾಂಡೆಯವರ ಎನ್ಕೋರ್ ಸಾಫ್ಟ್‌ವೇರ್ ಕಂಪನಿಯವರೂ ಸೇರಿ ಲಾಭದ ಉದ್ದೇಶವಿಲ್ಲದ 'ಸಿಂಪ್ಯೂಟರ್ ಟ್ರಸ್ಟ್' ಕಟ್ಟಿದರು. ಸರಳ, ಅಗ್ಗದ, ಬಹುಭಾಷೆಯ ಕಂಪ್ಯೂಟರ್ ಎಂಬರ್ಥದ ಇಂಗ್ಲಿಷ್ ಪದಗಳನ್ನು ಕೂಡಿಸಿ ಆ ಹೆಸರು ಮಾಡಲಾಗಿದೆ.

2001ರ ಏಪ್ರಿಲ್ 25ರಂದು ಮೊದಲ ಮಾದರಿಯನ್ನು ಜನರ ಮುಂದಿಟ್ಟರು. ಅದರ ವಿಶೇಷಗಳು ಹೀಗಿದ್ದವು:

• ಉಚಿತವಾಗಿ ಸಿಗುವ ಲಿನಕ್ಸ್ ಆಧಾರದ ಮೇಲೆ ನಡೆಯುತ್ತಿತ್ತು. ಆದುದರಿಂದ ಹೊರಗಿನವರೂ ಅದಕ್ಕೆ ತಂತ್ರಾಂಶ ಬರೆಯಬಹುದಿತ್ತು.
• ಪರದೆಯನ್ನು ಮುಟ್ಟಿ ಕೆಲಸ ಮಾಡಿಸಬಹುದಿತ್ತು. ಕೀಲಿಮಣೆ ಬೇಕಿರಲಿಲ್ಲ.
• ಸ್ಮಾರ್ಟ್ ಕಾರ್ಡ್ ಹಾಕುವ ಜಾಗವಿತ್ತು. ಊರಿಗೊಂದೇ ಯಂತ್ರವಿದ್ದರೂ ಪ್ರತಿಯೊಬ್ಬರೂ ತಮ್ಮ ಕಾರ್ಡ್ ಹಾಕಿ ತಮ್ಮ ವಿವರ ನೋಡಿಕೊಳ್ಳಬಹುದು ಎಂಬುದು ಯೋಜನೆ.
• ಯಂತ್ರದ ನಕ್ಷೆಯನ್ನೂ ಮುಚ್ಚಿಡದೆ, ಪರವಾನಗಿಯ ಷರತ್ತಿನ ಮೇಲೆ ಇತರರೂ ತಯಾರಿಸುವಂತೆ ಬಿಟ್ಟಿದ್ದರು.

ಅದೇ ವರ್ಷ ಅಮೆರಿಕದ ಬರಹಗಾರ ಬ್ರೂಸ್ ಸ್ಟರ್ಲಿಂಗ್ ನ್ಯೂಯಾರ್ಕ್ ಟೈಮ್ಸ್‌ನ ವಾರದ ಪುರವಣಿಯಲ್ಲಿ ಬರೆಯುತ್ತ, ವರ್ಷದ ಕಂಪ್ಯೂಟರ್ ಆವಿಷ್ಕಾರಗಳಲ್ಲಿ ಸಿಂಪ್ಯೂಟರಿಗೇ ಅಗ್ರಸ್ಥಾನ ಕೊಟ್ಟರು.

4. 'ಧ್ವನಿ'

ಸಿಂಪ್ಯೂಟರಿಗಾಗಿ ಬರೆದ ತಂತ್ರಾಂಶಗಳಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದದ್ದು 'ಧ್ವನಿ'. ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಈ ತಂತ್ರಾಂಶ ರಮೇಶ್ ಹರಿಹರನ್ ಅವರ ನೇತೃತ್ವದಲ್ಲಿ ಸಿದ್ಧವಾಯಿತು. ಮೊದಲು ಅದು ಓದಿದ ಭಾಷೆಗಳಲ್ಲಿ ಕನ್ನಡವೂ ಹಿಂದಿಯೂ ಇದ್ದವು.

ಇಂಗ್ಲಿಷಿನಲ್ಲಿ ಬರೆಯುವುದೊಂದು, ಉಚ್ಚರಿಸುವುದೊಂದು. ಪದಪದದ ಉಚ್ಚಾರಣೆಯನ್ನು ಯಂತ್ರಕ್ಕೆ ಹೇಳಿಕೊಡಬೇಕು. ಕನ್ನಡದಲ್ಲಿ ಹೆಚ್ಚುಕಡಿಮೆ ಬರೆದಂತೆಯೇ ಓದು. ಆದ್ದರಿಂದ ಧ್ವನಿಮುದ್ರಣ ಮಾಡಿಟ್ಟ ಸಣ್ಣ ಸಣ್ಣ ಉಚ್ಚಾರಣೆಯ ತುಣುಕುಗಳನ್ನು ಅಕ್ಷರಕ್ಕೆ ತಕ್ಕಂತೆ ಜೋಡಿಸಿದರೆ ಮಾತಾಗುತ್ತದೆ. ಸಣ್ಣ ಯಂತ್ರದಲ್ಲೂ ಇದು ಸಾಧ್ಯವಾದದ್ದು ನಮ್ಮ ಲಿಪಿಯ ಈ ಗುಣದಿಂದ. 'ಧ್ವನಿ'ಯನ್ನು ಎಲ್ಲರಿಗೂ ತೆರೆದಿಟ್ಟಿದ್ದರಿಂದ ಮುಂದೆ ಕೇರಳದ ಸಂತೋಷ್ ತೋಟ್ಟಿಂಗಲ್ ಅದನ್ನು ಮಲಯಾಳಂ ಮೊದಲಾದ ಭಾಷೆಗಳಿಗೂ ಬೆಳೆಸಿದರು.

5. ಸಿಂಪ್ಯೂಟರ್ ಏಕೆ ನಿಲ್ಲಲಿಲ್ಲ?

ಮೊದಲು ಅಂದುಕೊಂಡ ಬೆಲೆ ಸುಮಾರು 9,000 ರೂಪಾಯಿ. ಅಧ್ಯಾಪಕರು ಸ್ಥಾಪಿಸಿದ ಪಿಕೋಪೆಟಾ ಕಂಪನಿಯೂ ಸರ್ಕಾರಿ ಸ್ವಾಮ್ಯದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಸೇರಿ 'ಅಮಿಡಾ ಸಿಂಪ್ಯೂಟರ್' ಅನ್ನು ಮಾರುಕಟ್ಟೆಗೆ ತರುವಾಗ 2004ರ ಮಾರ್ಚ್ ಆಗಿತ್ತು. ಬೆಲೆ 9,950 ರೂಪಾಯಿಯಿಂದ ಶುರು. ಯಂತ್ರವನ್ನು ವಾಲಿಸಿದರೆ ಅದನ್ನು ಗುರುತಿಸುವ ಸೌಲಭ್ಯವೂ ಅದರಲ್ಲಿತ್ತು. ಇಂದಿನ ಸ್ಮಾರ್ಟ್‌ಫೋನುಗಳಲ್ಲಿ ಅದು ಸಾಮಾನ್ಯವಾಗಿ ಇದೆ. ಕರ್ನಾಟಕದಲ್ಲಿ ಜಮೀನು ದಾಖಲೆಯ ಕೆಲಸಕ್ಕೂ ಸಿಂಪ್ಯೂಟರ್ ಬಳಸಿದರು.

ಆದರೆ ಅಷ್ಟು ಹೊತ್ತಿಗೆ ಮೊಬೈಲ್ ಫೋನು ಅಗ್ಗವಾಗಿ ಊರೂರಿಗೆ ಬಂದಿತ್ತು. ಮಾತಾಡಲು ಬರುವ ಯಂತ್ರ ಅದಕ್ಕಿಂತ ಕಡಿಮೆ ಬೆಲೆಗೆ ಸಿಗುವಾಗ ಜನ ಅದನ್ನೇ ಕೊಂಡರು. 50,000 ಮಾರುವ ನಿರೀಕ್ಷೆಯಿತ್ತು. 2005ರ ಹೊತ್ತಿಗೆ ಮಾರಾಟವಾದದ್ದು ಸುಮಾರು 4,000. ಯಂತ್ರ ಹೋಯಿತು, ಅದರ ಹಿಂದಿನ ಯೋಚನೆ ಉಳಿಯಿತು. ಮುಟ್ಟುವ ಪರದೆ, ನಮ್ಮ ಭಾಷೆ, ಓದಿ ಹೇಳುವ ದನಿ ಎಲ್ಲವೂ ಈಗ ನಮ್ಮ ಜೇಬಿನಲ್ಲಿವೆ.

6. ನಮಗೆ ಇದರಿಂದ ಏನು?

ಸೇಲಂ, ಧರ್ಮಪುರಿ ಜಿಲ್ಲೆಗಳ ಕನ್ನಡ ಮನೆಗಳಲ್ಲಿ ಕನ್ನಡ ಕಿವಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಮಗ್ಗದ ಮನೆಗಳಲ್ಲಿ, ಹೊಲ ತೋಟಗಳಲ್ಲಿ ದಿನವಿಡೀ ಕನ್ನಡ ಆಡುತ್ತೇವೆ, ಸಹಿ ಮಾತ್ರ ತಮಿಳಿನಲ್ಲಿ. 2006ರ ತಮಿಳು ಕಲಿಕೆಯ ಕಾಯ್ದೆಯಂತೆ ಹಂತಹಂತವಾಗಿ 10ನೇ ತರಗತಿಯವರೆಗೆ ತಮಿಳು ಕಡ್ಡಾಯವಾಗಿದೆ. ಮಕ್ಕಳು ತಮಿಳು ಕಲಿಯುವುದು ಬದುಕಿಗೆ ಬೇಕಾದದ್ದೇ. ಅದರ ಜೊತೆಗೆ ಕನ್ನಡ ಅಕ್ಷರವನ್ನೂ ಕಲಿಸುವ ಹೊಣೆ ಮನೆಯ ಮೇಲೂ ಸಂಘದ ಮೇಲೂ ಬಿದ್ದಿದೆ.

ಮಾತು ಬರುತ್ತದೆ, ಓದು ಬಾರದು ಎಂಬವರಿಗಾಗಿಯೇ ಬೆಂಗಳೂರಿನ ಆ ಅಧ್ಯಾಪಕರು 'ಧ್ವನಿ' ಮಾಡಿದರು. ಕನ್ನಡದ ಮಟ್ಟಿಗೆ ನಮ್ಮ ಮಕ್ಕಳೂ ಹಾಗೆಯೇ ಇದ್ದಾರೆ. ಆದ್ದರಿಂದ ಸದಸ್ಯರಲ್ಲಿ ಮೂರು ವಿನಂತಿ:

• ಮಕ್ಕಳ ಮೊಬೈಲಿನಲ್ಲಿ ಕನ್ನಡ ಕೀಲಿಮಣೆ ಹಾಕಿಸಿ. ಬರಹವನ್ನು ಓದಿ ಹೇಳುವ ಸೌಲಭ್ಯಕ್ಕೆ ಕನ್ನಡ ದನಿಯನ್ನು ಆರಿಸಿ. ದನಿ ಕೇಳುತ್ತಾ ಅಕ್ಷರದ ಮೇಲೆ ಕಣ್ಣಾಡಿಸಿದರೆ ಮಾತು ಬಲ್ಲ ಮಗುವಿಗೆ ಅಕ್ಷರ ಬೇಗ ಹತ್ತುತ್ತದೆ.
• ಬರೆಯಲು ಬಾರದ ಹಿರಿಯರು ಮೈಕಿನ ಗುರುತನ್ನು ಒತ್ತಿ ಕನ್ನಡದಲ್ಲಿ ಮಾತಾಡಲಿ. ಯಂತ್ರವೇ ಬರೆದುಕೊಳ್ಳುತ್ತದೆ. ಗೂಗಲ್ 2017ರಿಂದ ಈ ಸೌಲಭ್ಯವನ್ನು ಕನ್ನಡಕ್ಕೂ ಕೊಟ್ಟಿದೆ.
• ನಮ್ಮ ಕಡೆಯ ಮಾತಿನ ಎಷ್ಟೋ ಪದಗಳು ಯಂತ್ರಕ್ಕೆ ತಿಳಿಯುವುದಿಲ್ಲ. ಅಜ್ಜ ಅಜ್ಜಿಯರು ಆಡುವ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಡಿ. ಪದ, ಅರ್ಥ, ಊರಿನ ಹೆಸರು ಬರೆದು ಸಂಘಕ್ಕೆ ತಲುಪಿಸಿ.

ಹೊಸೂರು, ಬೆಂಗಳೂರಿನ ಕಂಪನಿಗಳಲ್ಲಿ ನಮ್ಮ ಜಿಲ್ಲೆಗಳ ಎಷ್ಟೋ ಯುವಕ ಯುವತಿಯರು ತಂತ್ರಾಂಶ ಬರೆಯುತ್ತಿದ್ದಾರೆ. ಜಪಾನಿ ಭಾಷೆಗೆ ಒಬ್ಬರು, ತಮಿಳಿಗೆ ಒಬ್ಬರು ಮುಂದೆ ಬಂದಂತೆ ಈ ಗಡಿನಾಡಿನ ಕನ್ನಡಕ್ಕೆ ನಮ್ಮವರೊಬ್ಬರು ಮುಂದೆ ಬಂದರೆ ಸಾಕು. ಅವರಿಗೆ ಬೇಕಾಗುವ ಪದಗಳನ್ನೂ ದನಿಗಳನ್ನೂ ಹಿರಿಯರು ಇರುವಾಗಲೇ ನಾವು ಕೂಡಿಟ್ಟಿರಬೇಕು.

ಕಾರ್ಯದರ್ಶಿ