ಸೊಂಟದ ಸುತ್ತಳತೆ, ಲೆಪ್ಟಿನ್ ಮತ್ತು ಹೆಂಗಸರ ಬಿಪಿ: ಚಂದಕವಾಡಿ ಹೋಬಳಿಗೊಂದು ಅಧ್ಯಯನದ ದಾರಿ

ಚಾಮರಾಜನಗರ ತಾಲ್ಲೂಕಿನ ಚಂದಕವಾಡಿ ಹೋಬಳಿಯಲ್ಲಿ ಹೆಂಗಸರ ಬೊಜ್ಜಿಗೂ ರಕ್ತದೊತ್ತಡಕ್ಕೂ ಇರುವ ನಂಟನ್ನು ಯಾವ ಅಳತೆಗಳಿಂದ ಅಭ್ಯಾಸ ಮಾಡಬೇಕು ಎಂಬುದು ಈ ಟಿಪ್ಪಣಿಯ ವಿಷಯ. ದೇಹದ ತೂಕವೊಂದನ್ನೇ ನೆಚ್ಚಿಕೊಂಡರೆ ಅಪಾಯದಲ್ಲಿರುವ ಅನೇಕರು ಲೆಕ್ಕದಿಂದ ತಪ್ಪಿಹೋಗುತ್ತಾರೆ ಎಂಬುದು ನನ್ನ ವಾದ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಅಧಿಕ ತೂಕ ಅಥವಾ ಬೊಜ್ಜು ಇದ್ದವರು ನಾಲ್ಕನೆಯ ಸುತ್ತಿನಲ್ಲಿ (2015–16) ಶೇ. 23.3, ಐದನೆಯ ಸುತ್ತಿನಲ್ಲಿ (2019–21) ಶೇ. 30.1. ಐದನೆಯ ಸುತ್ತಿನಲ್ಲೇ, ಎತ್ತರಕ್ಕೆ ತಕ್ಕ ತೂಕವಿಲ್ಲದೆ ಸೊರಗಿದ ಹೆಂಗಸರು ಶೇ. 17.2 ಇದ್ದರು. 15 ದಾಟಿದ ಹೆಂಗಸರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ರಕ್ತದೊತ್ತಡ ಹೆಚ್ಚಿತ್ತು, ಅಥವಾ ಅವರು ಅದಕ್ಕಾಗಿ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಸೊರಗಿದ ಮೈ, ಬೊಜ್ಜಿನ ಮೈ ಎರಡೂ ಒಂದೇ ನಾಡಿನಲ್ಲಿ, ಎಷ್ಟೋ ಸಲ ಒಂದೇ ಮನೆಯಲ್ಲಿವೆ.

ಬೊಜ್ಜಿಗೂ ಬಿಪಿಗೂ ನಡುವಿನ ಒಂದು ಕೊಂಡಿ ಲೆಪ್ಟಿನ್ ಇರಬಹುದು. ಅದು ಕೊಬ್ಬಿನ ಕೋಶಗಳೇ ಸ್ರವಿಸುವ ಹಾರ್ಮೋನು. ನ್ಯೂಯಾರ್ಕಿನ ರಾಕೆಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು 1994ರಲ್ಲಿ ಅದರ ವಂಶವಾಹಿಯನ್ನು ಗುರುತಿಸಿದರು. ಮೈಯಲ್ಲಿ ಕೊಬ್ಬು ಹೆಚ್ಚಿದಷ್ಟೂ ರಕ್ತದಲ್ಲಿ ಲೆಪ್ಟಿನ್ ಹೆಚ್ಚುತ್ತದೆ. ಅದು ಮೆದುಳಿನ ಹೈಪೊಥಲಾಮಸ್‌ಗೆ ಕೊಬ್ಬಿನ ಸಂಗ್ರಹ ಸಾಕಷ್ಟಿದೆ ಎಂದು ತಿಳಿಸಿ ಹಸಿವನ್ನು ತಗ್ಗಿಸಬೇಕು. ಬೊಜ್ಜು ಬಂದವರಲ್ಲಿ ಹಸಿವು ಈ ಸೂಚನೆಗೆ ಸರಿಯಾಗಿ ಬಗ್ಗುವುದಿಲ್ಲ. ಆದರೆ ಮೂತ್ರಪಿಂಡ ಮತ್ತು ರಕ್ತನಾಳಗಳಿಗೆ ಹೋಗುವ ಅನುವೇದಕ ನರಗಳನ್ನು ಕೆರಳಿಸುವ ಶಕ್ತಿ ಲೆಪ್ಟಿನ್‌ಗೆ ಉಳಿದೇ ಇರುತ್ತದೆ ಎಂದು ಅಯೋವಾ ವಿಶ್ವವಿದ್ಯಾಲಯದ ಆಲಿನ್ ಮಾರ್ಕ್ ಅವರ ತಂಡ ಇಲಿಗಳಲ್ಲಿ ಕಂಡಿತು. ಹೀಗಾದಾಗ ಊಟ ಕಡಿಮೆಯಾಗದೆ ಒತ್ತಡ ಮಾತ್ರ ಏರುತ್ತದೆ.

ಮನುಷ್ಯರಲ್ಲಿ ಬಲವಾದ ಆಧಾರ ಸಿಕ್ಕಿದ್ದು ಅಪರೂಪದ ರೋಗಿಗಳಿಂದ. ಲೆಪ್ಟಿನ್ ಅಥವಾ ಅದರ ಗ್ರಾಹಕ ಹುಟ್ಟಿನಿಂದಲೇ ಕೆಲಸ ಮಾಡದವರಿಗೆ ಎಳವೆಯಲ್ಲೇ ವಿಪರೀತ ಬೊಜ್ಜು ಬರುತ್ತದೆ. ಆದರೂ ಅವರ ರಕ್ತದೊತ್ತಡ ಆ ಬೊಜ್ಜಿಗೆ ತಕ್ಕಂತೆ ಏರುವುದಿಲ್ಲ. ಮೊನಾಶ್ ವಿಶ್ವವಿದ್ಯಾಲಯದ ಮೈಕೆಲ್ ಕೌಲಿ, ಕೇಂಬ್ರಿಜ್‌ನ ಸದಾಫ್ ಫಾರೂಕಿ ಮೊದಲಾದವರು 2014ರಲ್ಲಿ ಇದನ್ನು ಪ್ರಕಟಿಸಿದರು. ಇನ್ನೊಂದು ಕಡೆ, ಸಾಮಾನ್ಯ ಬೊಜ್ಜಿನವರಿಗೆ ಲೆಪ್ಟಿನ್ ಚುಚ್ಚುಮದ್ದು ಕೊಟ್ಟ ಪ್ರಯೋಗಗಳಲ್ಲಿ ಒತ್ತಡ ಸ್ಪಷ್ಟವಾಗಿ ಏರಲಿಲ್ಲ. ಆದ್ದರಿಂದ ಲೆಪ್ಟಿನ್ ಹಲವು ಕಾರಣಗಳಲ್ಲಿ ಒಂದು ಎನ್ನುವುದೇ ಸರಿಯಾದ ಮಾತು.

ಹೆಂಗಸರ ವಿಷಯ ಬೇರೆಯಾಗಿ ನೋಡಬೇಕಾದದ್ದು. ಎತ್ತರ, ತೂಕ ಒಂದೇ ಇದ್ದರೂ ಗಂಡಸರಿಗಿಂತ ಹೆಂಗಸರಲ್ಲಿ ಲೆಪ್ಟಿನ್ ಹೆಚ್ಚು. ಮೈಕೊಬ್ಬಿನ ಪಾಲು ಹೆಚ್ಚಿರುವುದು, ಚರ್ಮದಡಿಯ ಕೊಬ್ಬು ಹೆಚ್ಚು ಲೆಪ್ಟಿನ್ ಸ್ರವಿಸುವುದು, ಲೈಂಗಿಕ ಹಾರ್ಮೋನುಗಳ ಪ್ರಭಾವ, ಇವೆಲ್ಲ ಅದಕ್ಕೆ ಕಾರಣ. ಅಮೆರಿಕದ ಎರಿಕ್ ಬೆಲಿನ್ ಡಿ ಶಾಂಟೆಮೆಲ್ ಅವರ ತಂಡ 2015ರಿಂದೀಚೆಗೆ ಪ್ರಕಟಿಸಿದ ಇಲಿಗಳ ಪ್ರಯೋಗಗಳ ಪ್ರಕಾರ, ಲೆಪ್ಟಿನ್ ಅಡ್ರಿನಲ್ ಗ್ರಂಥಿಯಿಂದ ಆಲ್ಡೊಸ್ಟೆರಾನ್ ಬಿಡುಗಡೆ ಮಾಡಿಸುತ್ತದೆ. ಬೊಜ್ಜಿನ ಹೆಣ್ಣಿಲಿಗಳಲ್ಲಿ ಒತ್ತಡ ಏರಿದ್ದು ಮುಖ್ಯವಾಗಿ ಈ ಮಾರ್ಗದಲ್ಲಿ. ಆಲ್ಡೊಸ್ಟೆರಾನ್ ಮೈಯಲ್ಲಿ ಸೋಡಿಯಂ ಹಿಡಿದಿಡುವ ಹಾರ್ಮೋನು. ಹೆಂಗಸರಲ್ಲೂ ಹೀಗೇ ನಡೆಯುವುದಾದರೆ, ಬೊಜ್ಜು ಮತ್ತು ಉಪ್ಪು ಎಂಬ ಎರಡು ಬುದ್ಧಿವಾದಗಳನ್ನು ಬಿಡಿಬಿಡಿಯಾಗಿ ಹೇಳುವುದರಲ್ಲಿ ಅರ್ಥವಿಲ್ಲ.

ನಮ್ಮ ಸೀಮೆಗೆ ಹತ್ತಿರದ ಆಧಾರ ಮೈಸೂರಿನದು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಅಂದರೆ ಜನರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದ ಹೆರಿಗೆ ದಾಖಲೆಗಳನ್ನು ಜೋಪಾನವಾಗಿ ಇಟ್ಟಿದ್ದಾರೆ. ಅಲ್ಲಿ 1934ರಿಂದ 1954ರ ನಡುವೆ ಹುಟ್ಟಿದ 517 ಜನರನ್ನು ಪರೀಕ್ಷಿಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಹುಟ್ಟುತೂಕ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಶೇ. 11, ಮೂರು ಕಿಲೋ ದಾಟಿ ಚೆನ್ನಾಗಿ ತೂಗಿದವರಲ್ಲಿ ಶೇ. 3. ಆದರೆ ಇದೇ ಮೈಸೂರಿನಲ್ಲಿ ಹುಟ್ಟುತೂಕಕ್ಕೂ ದೊಡ್ಡವರಾದ ಮೇಲಿನ ರಕ್ತದೊತ್ತಡಕ್ಕೂ ನೇರ ಸಂಬಂಧ ಸಿಗಲಿಲ್ಲ. ಒತ್ತಡದ ಮೂಲವನ್ನು ಹುಟ್ಟಿನ ನಂತರ ಸೇರುವ ಕೊಬ್ಬಿನಲ್ಲಿ ಹುಡುಕಬೇಕೆಂಬ ನನ್ನ ಊಹೆಗೆ ಈ ಫಲಿತಾಂಶವೇ ಆಧಾರ.

ಆ ಕೊಬ್ಬಿನ ಒಲವು ಎಳವೆಯಲ್ಲೇ ಕಾಣುತ್ತದೆ. ಅದೇ ಆಸ್ಪತ್ರೆಯಲ್ಲಿ 1997ರಲ್ಲಿ ಶುರುವಾದ ಪಾರ್ಥೆನಾನ್ ಅಧ್ಯಯನದಲ್ಲಿ ಜಿ. ವಿ. ಕೃಷ್ಣವೇಣಿ ಮತ್ತು ಸಹೋದ್ಯೋಗಿಗಳು ಗಮನಿಸಿದಂತೆ, ಮೈಸೂರಿನ ಕೂಸುಗಳು ಬ್ರಿಟನ್ನಿನ ಕೂಸುಗಳಿಗಿಂತ ಚಿಕ್ಕವಾದರೂ ಬೆನ್ನಿನ ಚರ್ಮದಡಿಯ ಕೊಬ್ಬಿನಲ್ಲಿ ಅಷ್ಟು ಹಿಂದೆ ಬಿದ್ದಿರಲಿಲ್ಲ. ಪುಣೆಯಲ್ಲಿ ಚಿತ್ತರಂಜನ್ ಯಾಜ್ಞಿಕ್ ಅವರ ತಂಡ 2002ರಲ್ಲಿ ಹೊಕ್ಕುಳಬಳ್ಳಿಯ ರಕ್ತವನ್ನೇ ಪರೀಕ್ಷಿಸಿತು. ಹುಟ್ಟುತೂಕದ ವ್ಯತ್ಯಾಸ ಸರಿದೂಗಿಸಿದಾಗ, ಅಲ್ಲಿನ ಕೂಸುಗಳ ಲೆಪ್ಟಿನ್ ಲಂಡನ್ನಿನ ಬಿಳಿಯರ ಕೂಸುಗಳದಕ್ಕಿಂತ ಹೆಚ್ಚಿತ್ತು. ತೆಳ್ಳಗೆ ಕಾಣುವ ಮೈಯೊಳಗೂ ಕೊಬ್ಬಿನ ಪಾಲು ದೊಡ್ಡದಿರಬಹುದು. ಭಾರತೀಯ ಹೆಂಗಸರಿಗೆ ಸೊಂಟದ ಸುತ್ತಳತೆಯ ಎಚ್ಚರಿಕೆಯ ಮಿತಿಯನ್ನು 80 ಸೆಂ.ಮೀ.ಗೆ ಇಳಿಸಿರುವುದು ಇಂಥ ಕಾರಣಗಳಿಂದಲೇ.

ಚಂದಕವಾಡಿ 1997ರವರೆಗೆ ಮೈಸೂರು ಜಿಲ್ಲೆಗೇ ಸೇರಿತ್ತು. ಆದರೂ ಪಟ್ಟಣದ ಆಸ್ಪತ್ರೆಯ ಫಲಿತಾಂಶವನ್ನು ಅರಿಶಿನ, ಬಾಳೆ ಬೆಳೆಯುವ ಸೀಮೆಯ ಕೂಲಿ ಹೆಂಗಸರಿಗೆ ಹಾಗೆಯೇ ಹೊಂದಿಸಲಾಗದು. ಇಲ್ಲಿಯ ಅಧ್ಯಯನ ಇಲ್ಲಿಯೇ ಆಗಬೇಕು, ಅದಕ್ಕೆ ಲೆಪ್ಟಿನ್ ಪರೀಕ್ಷೆಯ ಖರ್ಚು ಬೇಕಿಲ್ಲ. ಆಶಾ ಕಾರ್ಯಕರ್ತೆಯರು 30 ದಾಟಿದವರಿಗೆ ತುಂಬುವ ನಮೂನೆಯಲ್ಲಿ ಸೊಂಟದ ಸುತ್ತಳತೆ ಈಗಾಗಲೇ ಇದೆ. ಬಿಪಿಯನ್ನು ಉಪಕೇಂದ್ರದಲ್ಲಿ ನೋಡುತ್ತಾರೆ. ತಾಯಿ ಕಾರ್ಡಿನಲ್ಲಿ ಬಸುರಿನ ತೂಕ, ಬಿಪಿ, ಕೂಸಿನ ಹುಟ್ಟುತೂಕ ಇರುತ್ತವೆ. ಬಸುರಿನಲ್ಲಿ ಬಿಪಿ ಏರಿದವರಿಗೆ ಮುಂದೆಯೂ ಅದು ಬರುವ ಸಂಭವ ಹೆಚ್ಚು. ಈ ಕಾಗದಗಳನ್ನು ಒಬ್ಬೊಬ್ಬ ಹೆಂಗಸಿನ ಹೆಸರಿನಲ್ಲಿ ಒಟ್ಟುಗೂಡಿಸುವುದೇ ಮೊದಲ ಕೆಲಸ.

ಎರಡನೆಯದು ಉಪ್ಪಿನ ಲೆಕ್ಕ. ನಾಲ್ವರ ಮನೆಯಲ್ಲಿ ತಿಂಗಳಿಗೆ ಒಂದು ಕಿಲೋ ಉಪ್ಪು ತೀರಿದರೆ ದಿನಕ್ಕೆ ತಲೆಗೆ ಸುಮಾರು 8 ಗ್ರಾಂ ಆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 5 ಗ್ರಾಂ. ಉಪ್ಪಿನಕಾಯಿಗೆ, ದನಗಳಿಗೆ ಹೋಗುವ ಪಾಲನ್ನು ಕೇಳಿ ಕಳೆಯಬೇಕು. ಅಂಗಡಿಯ ತಿಂಡಿಯ ಪಾಲನ್ನು ಸೇರಿಸಬೇಕು.

ಸುತ್ತಳತೆ 80 ದಾಟಿ ತೂಕ ಮಾತ್ರ ಸರಿಯಿರುವ ಹೆಂಗಸರ ಗುಂಪನ್ನು ಪ್ರತ್ಯೇಕವಾಗಿ ವಿಶ್ಲೇಷಿಸಬೇಕೆಂದು ನಾನು ಒತ್ತಾಯಿಸುತ್ತೇನೆ. ಆ ಗುಂಪಿನಲ್ಲಿ ಬಿಪಿ ಹೆಚ್ಚಿದ್ದರೆ, ಮತ್ತು ಹೆಚ್ಚು ಉಪ್ಪು ಬಳಸುವ ಮನೆಗಳಲ್ಲಿ ಇನ್ನೂ ಹೆಚ್ಚಿದ್ದರೆ, ಕೊಬ್ಬು ಮತ್ತು ಉಪ್ಪು ಸೇರಿ ಬಿಪಿ ಏರಿಸುತ್ತವೆ ಎಂಬ ಊಹೆಗೆ ಬಲ ಬರುತ್ತದೆ. ಇಲ್ಲದಿದ್ದರೆ ಅದನ್ನು ಕೈಬಿಡಬೇಕು. ಉತ್ತರ ಯಾವುದೇ ಬರಲಿ, ಅಳತೆಗೆ ಸಿಕ್ಕ ಪ್ರತಿ ಹೆಂಗಸಿಗೂ ತನ್ನ ಸುತ್ತಳತೆ, ತನ್ನ ಬಿಪಿ ಎಷ್ಟೆಂದು ಬರೆದುಕೊಟ್ಟು, ಬಿಪಿ ಹೆಚ್ಚಿದ್ದವಳಿಗೆ ಮಾತ್ರೆ ಶುರುವಾಗುವವರೆಗೆ ಬೆನ್ನುಹತ್ತುವುದು ಸಂಶೋಧಕರ ಹೊಣೆ.