ಹೊಲಿಗೆಯ ದೇವರ ಪಟಗಳು

ಅಚ್ಚಾದ ದೇವರ ಪಟದ ಮೇಲೆ ಬಟ್ಟೆ, ಜರಿ, ಟಿಕ್ಕಿ, ಮಣಿಗಳನ್ನು ಅಂಟಿಸಿ, ಸೂಜಿದಾರದಿಂದ ಹೊಲಿದು ಸಿಂಗರಿಸುವ ಮನೆಯ ಕಲೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬಳಕೆಯಲ್ಲಿತ್ತು. ಕಾಗದ, ಬಟ್ಟೆ, ದಾರ ಮೂರನ್ನೂ ಕೂಡಿಸುವ ಇಂದಿನ ಕೊಲಾಜಿನ ಪೂರ್ವಿಕರನ್ನು ಮುಂಬೈಯಲ್ಲಿ ಹುಡುಕುವವರು ಗ್ಯಾಲರಿಗಿಂತ ಮೊದಲು ದೇವರಕೋಣೆಗೆ ಹೋಗುವುದು ಒಳ್ಳೆಯದು.

ಪಟ ಅಗ್ಗವಾಗದೆ ಇದು ಹುಟ್ಟುವಂತಿರಲಿಲ್ಲ. ರಾಜಾ ರವಿವರ್ಮ (1848–1906) 1894ರಲ್ಲಿ ಮುಂಬೈಯ ಗಿರಗಾಂವಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದ. ಯಂತ್ರಗಳೂ ಕುಶಲಕರ್ಮಿಗಳೂ ಜರ್ಮನಿಯಿಂದ ಬಂದರು. ನಗರಕ್ಕೆ ಪ್ಲೇಗು ಬಡಿದ ಮೇಲೆ ಕಾರ್ಖಾನೆ ಲೋಣಾವಳದ ಹತ್ತಿರದ ಮಳವಲಿ ಸೇರಿತು. ಮುಂದೆ ಅದನ್ನು ಫ್ರಿಟ್ಜ್ ಶ್ಲೈಶರ್ ಎಂಬ ಜರ್ಮನ್ ತಂತ್ರಜ್ಞ ಕೊಂಡುಕೊಂಡ. ಅರಮನೆಯ ಗೋಡೆಗಷ್ಟೇ ಸೇರಿದ್ದ ಲಕ್ಷ್ಮಿ, ಸರಸ್ವತಿಯರು ಸಾಮಾನ್ಯರ ಮನೆಯ ಮೊಳೆಗೂ ಬಂದರು.

ಹೀಗೆ ಬಂದ ದೇವಿಗೆ ಸೀರೆ ಉಡಿಸದೆ ಬಿಡುವುದುಂಟೆ? ಮುಖ, ಕೈ, ಪಾದಗಳನ್ನು ಹಾಗೇ ಬಿಟ್ಟು, ಅಚ್ಚಿನ ಸೀರೆಯ ಮೇಲೆ ನಿಜವಾದ ಬಟ್ಟೆಯನ್ನು ಅದರದೇ ಅಂಚಿಗೆ ಕತ್ತರಿಸಿ ಕೂರಿಸುತ್ತಿದ್ದರು. ನೆರಿಗೆ ಇದ್ದಲ್ಲಿ ದಾರ, ಸೆರಗಿನ ಅಂಚಿಗೆ ಜರಿ, ಕೊರಳಿಗೆ ಮಣಿ, ಕಿರೀಟಕ್ಕೆ ಟಿಕ್ಕಿ. ಗೆರೆ ಕಲಾವಿದನದು, ಬಣ್ಣ ಮಾತ್ರ ಹೊಲಿಯುವವಳ ಮನಸ್ಸಿಗೆ ತೋಚಿದ್ದು, ಪೆಟ್ಟಿಗೆಯಲ್ಲಿ ಉಳಿದಿದ್ದ ತುಂಡು ಯಾವುದೋ ಅದು. ಹಾಗಾಗಿ ಒಂದೇ ಕಲ್ಲಿನಿಂದ ಎದ್ದ ಎರಡು ಪಟಗಳು ಎರಡು ಮನೆಯಲ್ಲಿ ಬೇರೆಬೇರೆ ದೇವಿಯರಾದವು. ಕಾಗದ ಬಟ್ಟೆಯಷ್ಟು ಕ್ಷಮಾಗುಣದ್ದಲ್ಲ: ಬಿಚ್ಚಿದ ಹೊಲಿಗೆಯ ತೂತು ಮುಚ್ಚುವುದಿಲ್ಲ, ತೂತುಗಳು ಒತ್ತೊತ್ತಾಗಿ ಬಿದ್ದರೆ ಅಂಚೆಚೀಟಿಯ ಹಾಳೆಯಂತೆ ಅಲ್ಲೇ ಹರಿಯುತ್ತದೆ. ಪಟವನ್ನು ತಿರುಗಿಸಿ ನೋಡಿದರೆ ಕೆಲಸದ ನಿಜ ಕಾಣುತ್ತದೆ. ಮುಂದೆ ವೈಭವ, ಹಿಂದೆ ಗಂಟುಗಳು.

ಪ್ಯಾರಿಸ್ಸಿನಲ್ಲಿ ಪಿಕಾಸೊ, ಬ್ರಾಕ್ 1912ರಲ್ಲಿ ಚಿತ್ರಕ್ಕೆ ಕಾಗದ ಅಂಟಿಸಿದ್ದು ಕಲೆಯ ಇತಿಹಾಸವಾಯಿತು. ಇಲ್ಲಿನದು ಹೆಂಗಸರ ಬಿಡುವೇಳೆಯ ಕೈಗೆಲಸವೆಂದು ಬದಿಗೆ ಸರಿಯಿತು. ಈ ತಾರತಮ್ಯಕ್ಕೆ ಕಲೆಗಿಂತ ವಿಳಾಸವೇ ಕಾರಣವೆನ್ನಬೇಕು.

ದೇವರ ಪಟ ಗ್ಯಾಲರಿಗೆ ಬಂದದ್ದು ಬೇರೆ ದಾರಿಯಲ್ಲಿ. ಮುಂಬೈಯಲ್ಲೇ ಹುಟ್ಟಿದ, ಲೆಕ್ಕಪರಿಶೋಧಕನಾಗಿದ್ದ ಭೂಪೇನ್ ಖಕ್ಕರ್ (1934–2003) ಬಡೋದೆಗೆ ಹೋದ ಮೇಲೆ ಬಜಾರಿನ ದೇವರ ಚಿತ್ರಗಳನ್ನು ಕತ್ತರಿಸಿ ಕೊಲಾಜ್ ಮಾಡಿ, 1965ರಲ್ಲಿ ಜಹಾಂಗೀರ್ ಆರ್ಟ್ ಗ್ಯಾಲರಿಯಲ್ಲಿ ಪ್ರದರ್ಶಿಸಿದ. ಅವನ ಕೈಯಲ್ಲಿದ್ದದ್ದು ಭಕ್ತಿಗಿಂತ ಹೆಚ್ಚಾಗಿ ಕತ್ತರಿ ಮತ್ತು ತುಂಟತನ.

ಹಳೆಯ ಹೊಲಿಗೆಯ ಪಟಗಳನ್ನು ಈಗ ಸಂಗ್ರಾಹಕರು ಹುಡುಕುತ್ತಾರೆ. ರವಿವರ್ಮನ ಮುದ್ರಣಗಳ ಬಗ್ಗೆ ಬಹುಸಂಪುಟ ಗ್ರಂಥ ಬರೆದ ಬೆಂಗಳೂರಿನ ವಕೀಲ ಗಣೇಶ ಶಿವಸ್ವಾಮಿಯವರ ಸಂಗ್ರಹದಲ್ಲೂ ಇಂಥವಿವೆ. ಉಳಿಸುವುದು ಸುಲಭವಲ್ಲ. ಗೋಂದಿಗೆ ಹುಳು ಬರುತ್ತದೆ, ಮುಂಬೈಯ ಮಳೆಗಾಲದ ತೇವಕ್ಕೆ ಜರಿ ಕಪ್ಪಾಗುತ್ತದೆ, ಮಣಿಗಳ ಭಾರಕ್ಕೆ ಕಾಗದ ಜೋಲುತ್ತದೆ. ಎಷ್ಟೋ ಪಟಗಳಲ್ಲಿ ಬಟ್ಟೆ ಉದುರಿ, ಅದರಡಿ ನೂರು ವರ್ಷ ಬೆಳಕು ಕಾಣದ ಅಚ್ಚಿನ ಸೀರೆ ಹೊಸ ಬಣ್ಣದಲ್ಲೇ ಉಳಿದಿರುತ್ತದೆ.