ಹಳೆಯ ಗಾಡಿಯ ವಿಮೆ ಬೆಳೆದುಬಂದ ಬಗೆ

ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವವರು ಎಂಜಿನ್ನಿನ ಸದ್ದು ಕೇಳುತ್ತಾರೆ, ಬಣ್ಣ ಮುಟ್ಟಿ ನೋಡುತ್ತಾರೆ. ವಿಮೆಯ ಕಾಗದವನ್ನು ಮಾತ್ರ ಓದದೆ ಜೇಬಿಗಿಳಿಸುತ್ತಾರೆ. ಆ ಕಾಗದಕ್ಕೂ ಒಂದು ಚರಿತ್ರೆಯಿದೆ.

ಮೋಟಾರು ವಾಹನ ಕಾಯಿದೆ 1939ರಲ್ಲೇ ಬಂದರೂ, ಬ್ರಿಟಿಷ್ ಇಂಡಿಯಾದಲ್ಲಿ ಮೂರನೆಯವರಿಗಾಗುವ ಹಾನಿಗೆ ವಿಮೆ ಕಡ್ಡಾಯವಾದದ್ದು 1946ರ ಜುಲೈ 1ರಿಂದ. ಇಂಗ್ಲೆಂಡಿನ ಅಬಿಂಗ್‌ಡನ್ನಿನಲ್ಲಿ ಎಂ.ಜಿ. ಟಿ.ಸಿ. ಎಂಬ, ಇಬ್ಬರು ಕೂರುವ ಸೊಗಸಾದ ಗಾಡಿ ತಯಾರಾಗುತ್ತಿದ್ದ ಕಾಲವದು. ಅಂಥ ಗಾಡಿ ಕೈಬದಲಾದರೆ ವಿಮೆಯ ಗತಿಯೇನು? 1969ರ ತಿದ್ದುಪಡಿಯಂತೆ ಮಾರುವವನು ಕಂಪನಿಗೆ ಅರ್ಜಿ ಕೊಡಬೇಕಿತ್ತು. 15 ದಿನದೊಳಗೆ ಕಂಪನಿ ನಿರಾಕರಿಸದಿದ್ದರೆ ಪಾಲಿಸಿ ವರ್ಗವಾದಂತೆ. 1988ರ ಕಾಯಿದೆ ಆ ಹಂಗನ್ನೂ ತೆಗೆದು, ಮಾರಾಟದೊಡನೆಯೇ ಪಾಲಿಸಿ ವರ್ಗವಾಗುವುದೆಂದಿತು. ಕೊಂಡವನು 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಾಯಿಸಿಕೊಳ್ಳಬೇಕು.

ಬಹಳ ಮಂದಿ ಎಡವುವುದು ಇಲ್ಲೇ. 1995ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಂತೆ, ತಾನಾಗಿ ವರ್ಗವಾಗುವುದು ಮೂರನೆಯವರ ರಕ್ಷಣೆ ಮಾತ್ರ. ಸ್ವಂತ ಗಾಡಿಯ ಹಾನಿಗೆ ಕಂಪನಿಯೊಡನೆ ಬೇರೆ ಒಪ್ಪಂದವೇ ಬೇಕು. ದಾರಿಹೋಕನಿಗೆ ಪೆಟ್ಟಾದರೆ ಪರಿಹಾರವುಂಟು, ನೀವು ಆಸೆಪಟ್ಟು ತಂದ ಗಾಡಿ ಜಜ್ಜಿಹೋದರೆ ಇಲ್ಲ. ನ್ಯಾಯವೇ ಎನ್ನಿ! ಬಿಡಿಭಾಗ ಸಿಗದ, ಬೆಲೆ ಮಾಲಿಕನ ಮೋಹದಷ್ಟೇ ಏರುವ ಗಾಡಿಗೆ ಕಂಪನಿ ಕಣ್ಣುಮುಚ್ಚಿ ಹೊಣೆ ಹೊತ್ತೀತೆ? ಎಂಜಿನ್, ಚಾಸಿಗಳ ಸಂಖ್ಯೆ ನೋಂದಣಿ ಪತ್ರಕ್ಕೆ ಹೊಂದಿ, ಬೆಲೆಯನ್ನು ಕಂಪನಿ ಒಪ್ಪಿ ಬರೆದುಕೊಡುವವರೆಗೆ ಗಾಡಿ ಹಿಂದಿನ ಮಾಲಿಕನ ಮನೆಯಲ್ಲೇ ನಿಂತಿರಲಿ.